ಸಣ್ಣ ರಬ್ಬರ್ ಬೋಟಿಗೆ ದೊಡ್ಡ ಎಂಜಿನ್: ಹದ ತಪ್ಪದಂತೆ ಓಡಿಸುವ ಸೂತ್ರಗಳು

ಹೊಸೂರು ಬಳಿಯ ಅವಲಪಲ್ಲಿಯವರಿಗೆ ದಕ್ಷಿಣ ಪಿನಾಕಿನಿ ಹೊಸಬಳಲ್ಲ. ನಂದಿ ಬೆಟ್ಟದ ಕಡೆ ಹುಟ್ಟಿ, ಹೊಸಕೋಟೆ ಕೆರೆ ದಾಟಿ, ಬೆಂಗಳೂರಿನ ಕೊಳೆಯನ್ನೂ ಹೊತ್ತುಕೊಂಡು ಹೊಸೂರು ತಾಲ್ಲೂಕಿಗೆ ಇಳಿದು ತೆನ್‌ಪೆಣ್ಣೈ ಎನಿಸಿಕೊಳ್ಳುವ ಹೊಳೆ ಅದು. ಕೆಲವರಪಲ್ಲಿ ಅಣೆಕಟ್ಟಿನಲ್ಲಿ ಒಮ್ಮೆ ನಿಂತು, ಕೃಷ್ಣಗಿರಿ ಅಣೆಕಟ್ಟಿನಲ್ಲಿ ಇನ್ನೊಮ್ಮೆ ನಿಂತು ಮುಂದಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಕೇಳುವವರಿಲ್ಲ. ಮಳೆ ಹಿಡಿದರೆ ಮಾತ್ರ ಬೇರೆಯೇ ಕಥೆ. 2024ರ ಡಿಸೆಂಬರ್ ಮೊದಲ ದಿನಗಳಲ್ಲಿ ಫೆಂಗಲ್ ಚಂಡಮಾರುತದ ಮಳೆ ನಮ್ಮದೇ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರ್ ಆಸುಪಾಸು ಸುರಿಯಿತು. ರಸ್ತೆ ಬದಿ ನಿಲ್ಲಿಸಿದ್ದ ವಾಹನಗಳು ತೇಲಿಕೊಂಡು ಹೋದದ್ದನ್ನು ಎಲ್ಲರೂ ಫೋನಿನಲ್ಲಿ ನೋಡಿದ್ದಾರೆ.

ಇಂಥದ್ದು ಕಂಡ ಮೇಲೆ ಯುವಕ ಸಂಘಗಳಲ್ಲಿ "ನಮಗೂ ಒಂದು ರಬ್ಬರ್ ಬೋಟು ಇರಲಿ" ಎಂಬ ಮಾತು ಏಳುವುದು ಸಹಜ. ಅದರ ಬೆನ್ನಿಗೇ ಬರುವ ಪ್ರಶ್ನೆ ಒಂದೇ: "ಎಷ್ಟು ಎಚ್‌ಪಿ ಹಾಕ್ಸೋಣ ಅಣ್ಣಾ?" ವಿಪತ್ತು ನಿರ್ವಹಣಾ ಪಡೆಯವರ ಬೋಟಿನ ಹಿಂದೆ 40 ಎಚ್‌ಪಿ ಎಂಜಿನ್ ನೋಡಿದವರು ತಮ್ಮ ಸಣ್ಣ ಬೋಟಿಗೂ ಅದೇ ಬೇಕೆನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಎಂಜಿನ್ ಎಷ್ಟು ಕೆಜಿ? ಹೀಗೆ ಬೋಟಿನ ಹಿಂದೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್ ಕೊಡುವ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ತೂಕದಿಂದ ಬರುವಂಥವು. ಮಿಕ್ಕದ್ದು ಅವಸರದ ಕೈಯಿಂದ.

1. ಬೋಟಿನ ಪಟ್ಟಿ ಓದಿ, ಅಂಗಡಿಯವನ ಬಾಯಿಮಾತನ್ನಲ್ಲ

ಒಳ್ಳೆಯ ಕಂಪನಿಯ ಯಾವುದೇ ರಬ್ಬರ್ ಬೋಟಿನ ಹಿಂದಿನ ಹಲಗೆಯ ಒಳಮೈಯಲ್ಲಿ ಒಂದು ಪಟ್ಟಿ ಅಂಟಿಸಿರುತ್ತಾರೆ. ಎಷ್ಟು ಜನ, ಎಷ್ಟು ಹೊರೆ, ಗರಿಷ್ಠ ಎಷ್ಟು ಎಚ್‌ಪಿ, ಟ್ಯೂಬಿಗೆ ಎಷ್ಟು ಗಾಳಿ ಎಂಬುದೆಲ್ಲ ಅದರಲ್ಲಿರುತ್ತದೆ. ಎಂಜಿನ್ನಿನ ಗರಿಷ್ಠ ತೂಕ ಪಟ್ಟಿಯಲ್ಲಿ ಕಾಣದಿದ್ದರೆ ಕೈಪಿಡಿಯಲ್ಲಿ ಹುಡುಕಿ. ಅಂದಾಜಿಗೆ ಹೇಳುವುದಾದರೆ, 3.3 ಮೀಟರ್ ಉದ್ದದ ಬೋಟಿಗೆ ಸುಮಾರು 15 ಎಚ್‌ಪಿ, 3.8 ಮೀಟರಿನದಕ್ಕೆ 20ರಿಂದ 25. 30–40 ಎಚ್‌ಪಿ ಬೇಕೆಂದರೆ ನಾಲ್ಕು ಮೀಟರ್ ದಾಟಿದ, ನೆಲ ಗಟ್ಟಿಯಿರುವ ಬೋಟೇ ಆಗಬೇಕು.

ಈಗ ತೂಕ ನೋಡಿ. 25 ಎಚ್‌ಪಿಯ ಟೂ ಸ್ಟ್ರೋಕ್ ಎಂಜಿನ್ ಸುಮಾರು 50 ಕೆಜಿ, ಫೋರ್ ಸ್ಟ್ರೋಕ್ ಆದರೆ 60ರ ಸುತ್ತಮುತ್ತ. 40 ಎಚ್‌ಪಿಗೆ ಹೋದರೆ ಟೂ ಸ್ಟ್ರೋಕ್ 70ಕ್ಕಿಂತ ಮೇಲೆ, ಫೋರ್ ಸ್ಟ್ರೋಕ್ ಹತ್ತಿರ ಹತ್ತಿರ 100. ಅದನ್ನು ಹಿಡಿದು ಓಡಿಸುವವನೂ ಹಿಂದೆಯೇ ಕೂರುತ್ತಾನೆ, ಅವನದೊಂದು 70 ಕೆಜಿ. ಪೆಟ್ರೋಲ್ ಟ್ಯಾಂಕೂ ಅಲ್ಲೇ. ಮೂರೂವರೆ ಮೀಟರಿನ ಬೋಟಿನ ಕಟ್ಟಕಡೆಯ ಒಂದು ಮೀಟರಿನಲ್ಲಿ ಎರಡು ಮೂಟೆ ಅಕ್ಕಿಗಿಂತ ಹೆಚ್ಚು ಭಾರ ಬಿದ್ದಾಗ ಮೂತಿ ಆಕಾಶ ನೋಡದೆ ಇನ್ನೇನು ಮಾಡೀತು?

2. ಎಂಜಿನ್ ಈಗಾಗಲೇ ಕೊಂಡಾಗಿದ್ದರೆ ಅದರ ಕೈ ಕಟ್ಟಿ

ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದೋ, ಯಾರೋ ದಾನ ಕೊಟ್ಟರೆಂದೋ ದೊಡ್ಡ ಎಂಜಿನ್ ಬಂದುಬಿಟ್ಟಿರುತ್ತದೆ. ಕಂಪನಿಗಳು ಎಷ್ಟೋ ಸಲ ಒಂದೇ ಬ್ಲಾಕನ್ನು ಎರಡು ಮೂರು ಎಚ್‌ಪಿ ಹೆಸರಿನಲ್ಲಿ ಮಾರುತ್ತವೆ, ವ್ಯತ್ಯಾಸ ಇರುವುದು ಕಾರ್ಬೊರೇಟರಿನಲ್ಲೋ ಥ್ರಾಟಲ್ ತೆರೆಯುವ ಅಳತೆಯಲ್ಲೋ. ಆದ್ದರಿಂದ ಥ್ರಾಟಲ್ ಅರ್ಧದಾಚೆ ತಿರುಗದಂತೆ ತಡೆ ಹಾಕಿಸುವುದು ಬಲ್ಲ ಮೆಕ್ಯಾನಿಕ್ಕಿಗೆ ದೊಡ್ಡ ಕೆಲಸವಲ್ಲ. ಹೊಸಬರು ಕಲಿಯುವಾಗಲಂತೂ ಇದು ಇರಲೇಬೇಕು. ಆದರೆ ತಡೆಯಿಂದ ವೇಗ ಇಳಿಯುತ್ತದೆಯೇ ಹೊರತು ತೂಕ ಇಳಿಯುವುದಿಲ್ಲ. ಪಟ್ಟಿ ಹೇಳಿದ ತೂಕ ಮೀರಿದ್ದರೆ ಎಂಜಿನ್ ಮಾರಿ ಸಣ್ಣದನ್ನು ತನ್ನಿ. "ಇರಲಿ ಬಿಡು, ಮುಂದೆ ದೊಡ್ಡ ಬೋಟು ತಗೊಳ್ಳೋಣ" ಎಂದು ಅದೇ ಹಲಗೆಗೆ ನೇತುಹಾಕುವವರ ಬುದ್ಧಿಗೆ ಏನು ಹೇಳುವುದು.

3. ನಮ್ಮ ಎತ್ತರದ ಲೆಕ್ಕ ಇರಲಿ

ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು. 300 ಮೀಟರ್ ಏರಿದಂತೆಲ್ಲ ಎಂಜಿನ್ನಿನ ಶಕ್ತಿ ನೂರಕ್ಕೆ ಮೂರರಷ್ಟು ಕುಗ್ಗುತ್ತದೆ ಎಂಬುದು ರೂಢಿಯ ಲೆಕ್ಕ. ಮಂಗಳೂರಿನ ಕಡಲಲ್ಲಿ 25 ಎಚ್‌ಪಿ ಕೊಡುವ ಎಂಜಿನ್ ಕೆಲವರಪಲ್ಲಿಯ ನೀರಿನಲ್ಲಿ 23ಕ್ಕಿಂತ ಕೆಳಗೇ ನಿಲ್ಲುತ್ತದೆ. ಕಾರ್ಬೊರೇಟರ್ ಎಂಜಿನ್ ಆದರೆ ಇನ್ನೊಂದು ಸಂಗತಿ: ಗಾಳಿ ಕಡಿಮೆ, ಪೆಟ್ರೋಲ್ ಮೊದಲಿನಷ್ಟೇ. ಹೀಗಾಗಿ ಪ್ಲಗ್ ಕಪ್ಪಾಗುತ್ತದೆ, ನಿಧಾನಕ್ಕೆ ಓಡಿಸಿದಾಗ ಗುಟುರು ಹಾಕುತ್ತದೆ, ಹೊಗೆ ಬರುತ್ತದೆ. ಇದನ್ನು "ಎಂಜಿನ್ ವೀಕು" ಎಂದು ತಿಳಿದು ಇನ್ನೂ ದೊಡ್ಡದನ್ನು ತರಲು ಓಡುತ್ತಾರೆ. ಬೇಕಾಗಿರುವುದು ಕಾರ್ಬೊರೇಟರಿಗೆ ಸಣ್ಣ ಜೆಟ್ ಮತ್ತು ಒಂದೆರಡು ಇಂಚು ಕಡಿಮೆ ಪಿಚ್ಚಿನ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಪ್ರೊಪೆಲ್ಲರ್. ಪಿಚ್ ಒಂದು ಇಂಚು ಇಳಿಸಿದರೆ ಆರ್‌ಪಿಎಂ ಸರಿಸುಮಾರು 150ರಿಂದ 200 ಏರುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಕೈಪಿಡಿ ಹೇಳಿದ ಆರ್‌ಪಿಎಂ ಮುಟ್ಟುತ್ತಿದೆಯೇ ನೋಡಿ. ಮುಟ್ಟದಿದ್ದರೆ ಎಂಜಿನ್ ಹೊರಲಾರದ ಹೊರೆ ಎಳೆಯುತ್ತಿದೆ ಎಂದರ್ಥ. ದಾಟಿ ಕಿರುಚುತ್ತಿದ್ದರೆ ಪಿಚ್ ತೀರಾ ಕಡಿಮೆಯಾಗಿದೆ.

4. ಮೂತಿ ಏಳುವುದನ್ನು ಭಾರದಿಂದ ತಡೆಯಿರಿ

ಸಣ್ಣ ಬೋಟಿನ ದೊಡ್ಡ ಗಂಡಾಂತರ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಒಬ್ಬನೇ ಹಿಂದೆ ಕೂತು ಥ್ರಾಟಲ್ಲನ್ನು ಒಮ್ಮೆಲೇ ತಿರುಗಿಸಿದರೆ ಪ್ರೊಪೆಲ್ಲರ್ ಬೋಟಿನ ಹಿಂಭಾಗವನ್ನು ಅಡಿಯಿಂದ ಮುಂದಕ್ಕೆ ನೂಕುತ್ತದೆ. ಮೂತಿ ಏಳುತ್ತದೆ. ಎದ್ದ ಮೂತಿಯ ಕೆಳಗೆ ಗಾಳಿ ನುಗ್ಗುತ್ತದೆ. ಆಷಾಢದ ಗಾಳಿಯಲ್ಲಿ ಕೃಷ್ಣಗಿರಿ ಅಣೆಕಟ್ಟಿನ ಬಯಲು ನೀರಿಗೆ ಇಳಿದವನಿಗೆ ಎದುರುಗಾಳಿಯೂ ಜತೆಗೂಡಿದರೆ ಬೋಟು ಹಿಂದಕ್ಕೆ ಪಲ್ಟಿ ಹೊಡೆದು, ಓಡಿಸುವವನ ಮೇಲೆ ಎಂಜಿನ್ ಸಮೇತ ಬೀಳಬಹುದು.

ತಡೆಯುವ ಬಗೆ: ಪೆಟ್ರೋಲ್ ಟ್ಯಾಂಕನ್ನು ಮೂತಿಯ ಹತ್ತಿರ ಇಟ್ಟು ಬಿಗಿಯಾಗಿ ಕಟ್ಟಿ, ಪೈಪು ಉದ್ದದ್ದು ಹಾಕಿಸಿ. 24 ಲೀಟರಿನ ಟ್ಯಾಂಕು ತುಂಬಿದರೆ ಪೆಟ್ರೋಲೇ 18 ಕೆಜಿ ತೂಗುತ್ತದೆ. ಲಂಗರು, ಹಗ್ಗ, ನೀರಿನ ಕ್ಯಾನು ಎಲ್ಲವೂ ಮುಂದಕ್ಕೆ. ಎಂಜಿನ್ ತಿರುಗಿಸುವ ಟಿಲ್ಲರ್ ಹಿಡಿಕೆಗೆ ಉದ್ದನೆಯ ಕೈ ಸಿಗುತ್ತದೆ, ಅದನ್ನು ಹಾಕಿಕೊಂಡರೆ ಓಡಿಸುವವನು ಬೋಟಿನ ನಡುವಿಗೆ ಬರಬಹುದು. ಜತೆಗೆ ಒಬ್ಬನಿದ್ದರೆ ಮುಂದೆ, ನೆಲದ ಮೇಲೆ ಕೂರಲಿ. ಥ್ರಾಟಲ್ಲನ್ನು ಮೆಲ್ಲಗೆ ಏರಿಸುತ್ತ ಹೋಗಿ. ಬೋಟು ನೀರಿನ ಮೇಲೆ ಮಟ್ಟಸ ಏರಿ ಹಗುರಾಗುವ ಗಳಿಗೆ ಕೈಗೆ ಗೊತ್ತಾಗುತ್ತದೆ. ಆಗ ಥ್ರಾಟಲ್ ಸ್ವಲ್ಪ ಇಳಿಸಿದರೂ ವೇಗ ಇಳಿಯುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಮೂತಿ ಕುದುರೆಯಂತೆ ಕುಣಿಯುತ್ತಿದ್ದರೆ ಎಂಜಿನ್ನಿನ ಓರೆ ನೋಡಿ. ಹಲಗೆಗೆ ಹಿಡಿದ ಬ್ರಾಕೆಟ್ಟಿನಲ್ಲಿ ತೂತುಗಳ ಸಾಲಿದೆ, ಅದರಲ್ಲೊಂದು ಪಿನ್ನು. ಪಿನ್ನನ್ನು ಒಂದು ತೂತು ಒಳಕ್ಕೆ, ಅಂದರೆ ಬೋಟಿನ ಕಡೆಗೆ, ಹಾಕಿದರೆ ಮೂತಿ ಇಳಿಯುತ್ತದೆ. ತೀರಾ ಒಳಕ್ಕೆ ಹೋದರೆ ಮೂತಿ ನೀರನ್ನು ಉಳುತ್ತದೆ, ತಿರುವಿನಲ್ಲಿ ಬೋಟು ಜಾರುತ್ತದೆ. ಎಂಜಿನ್ನಿಗೆ ರೆಕ್ಕೆಯಂತೆ ಸಿಕ್ಕಿಸುವ ಪ್ಲಾಸ್ಟಿಕ್ ಫಿನ್ನುಗಳನ್ನೂ ಮಾರುತ್ತಾರೆ. ನನ್ನ ಮಟ್ಟಿಗೆ ಅವು ಕೊನೆಯ ಮದ್ದು. ಟ್ಯಾಂಕನ್ನು ಮುಂದಕ್ಕೆ ಸರಿಸಲು ಕಾಸು ಖರ್ಚಾಗುವುದಿಲ್ಲ.

5. ಕಿಲ್ ಸ್ವಿಚ್ಚಿನ ದಾರ ತೊಡೆಗೆ, ಎಂಜಿನ್ ಎಳೆಯುವ ಮೊದಲೇ

ಕೆಂಪು ಸುರುಳಿ ದಾರ. ಒಂದು ತುದಿ ಎಂಜಿನ್ನಿನ ಸ್ವಿಚ್ಚಿಗೆ, ಇನ್ನೊಂದು ಓಡಿಸುವವನ ತೊಡೆಗೋ ಮಣಿಕಟ್ಟಿಗೋ. ಆತ ನೀರಿಗೆ ಬಿದ್ದರೆ ದಾರ ಕಿತ್ತುಕೊಂಡು ಎಂಜಿನ್ ನಿಲ್ಲುತ್ತದೆ. ದಾರ ಇಲ್ಲದಿದ್ದರೆ ಬೋಟು ನಿಲ್ಲುವುದಿಲ್ಲ, ನೇರಕ್ಕೂ ಹೋಗುವುದಿಲ್ಲ. ಕೈ ಬಿಟ್ಟ ಟಿಲ್ಲರ್ ಒಂದು ಕಡೆಗೆ ವಾಲಿ, ಬೋಟು ಅದೇ ಜಾಗದಲ್ಲಿ ಸುತ್ತು ಹಾಕುತ್ತ, ನೀರಿನಲ್ಲಿರುವವನ ಮೇಲೇ ಮರಳಿ ಬರುತ್ತದೆ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಬಳಿ ಒಂದೇ ಕುಟುಂಬದ ಆರು ಮಂದಿ ಇದ್ದ ಗಾಳಿಬೋಟು ತಿರುವಿನಲ್ಲಿ ಎಲ್ಲರನ್ನೂ ಹೊರಗೆಸೆದು, ಹಾಗೆಯೇ ಸುತ್ತಿ ಬಂದು ಹೊಡೆಯಿತು. ತಂದೆ ಮತ್ತು ಮಗಳು ತೀರಿಕೊಂಡರು. ದಾರ ಯಾರಿಗೂ ಕಟ್ಟಿರಲಿಲ್ಲ. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಸಣ್ಣ ಮೋಟಾರು ಬೋಟುಗಳಲ್ಲಿ ಈ ಸ್ವಿಚ್ ಬಳಸುವುದು ಕಾನೂನೇ ಆಗಿದೆ.

ನಮ್ಮಲ್ಲಿ ದಾರವನ್ನು ಎಂಜಿನ್ನಿಗೇ ಸುತ್ತಿ ಬಿಟ್ಟಿರುತ್ತಾರೆ, "ಕಾಲಿಗೆ ತೊಡರುತ್ತೆ" ಎಂದು. ತೊಡರಲಿ. ತಿಂಗಳಿಗೊಮ್ಮೆ ದಡದ ಬಳಿ ನೀರಿನಲ್ಲೇ ಎಂಜಿನ್ ಓಡಿಸಿ ದಾರ ಎಳೆದು ನೋಡಿ, ನಿಲ್ಲುತ್ತದೆಯೋ ಇಲ್ಲವೋ. ಹೆಚ್ಚಿನದೊಂದು ಕ್ಲಿಪ್ಪು ಬೋಟಿನಲ್ಲೇ ಇರಲಿ. ಓಡಿಸುವವನೇ ನೀರಿಗೆ ಬಿದ್ದರೆ ಬೋಟಿನಲ್ಲಿ ಉಳಿದವರು ಮತ್ತೆ ಸ್ಟಾರ್ಟ್ ಮಾಡಲು ಅದು ಬೇಕು.

6. ಗಾಳಿಯನ್ನು ಮೀಟರಿನಲ್ಲಿ ಅಳೆಯಿರಿ, ಹೆಬ್ಬೆರಳಿನಲ್ಲಲ್ಲ

ಟ್ಯೂಬಿಗೆ ಬೇಕಾದ ಒತ್ತಡ ಸಾಮಾನ್ಯವಾಗಿ 0.25 ಬಾರ್, ಅಂದರೆ ಮೂರೂವರೆ ಪಿಎಸ್‌ಐ. ಬೈಕಿನ ಚಕ್ರಕ್ಕೆ 30ರ ಹತ್ತಿರ ಹಾಕುವ ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ಇದಕ್ಕೆ ಹಚ್ಚಿದರೆ ಒಳಗಿನ ಅಡ್ಡಗೋಡೆಗಳೇ ಕಿತ್ತುಬರುತ್ತವೆ. ಕಾಲಿನ ಪಂಪೇ ಸಾಕು. ಎಲ್ಲ ಕೋಣೆಗಳಿಗೂ ಮೊದಲು ಅರ್ಧರ್ಧ ತುಂಬಿ, ಆಮೇಲೆ ಒಂದೊಂದಾಗಿ ಪೂರ್ತಿ ಮಾಡಿ. ಗಾಳಿ ತುಂಬುವ ನೆಲ ಇದ್ದರೆ ಅದಕ್ಕೆ ಹೆಚ್ಚು ಒತ್ತಡ ಬೇಕು, 0.7ರಿಂದ 0.8 ಬಾರ್.

ಮಧ್ಯಾಹ್ನ 40 ಡಿಗ್ರಿ ಬಿಸಿಲಿನಲ್ಲಿ 0.25 ತುಂಬಿ ನೀರಿಗಿಳಿಸಿದಿರಿ ಎನ್ನಿ. ಒಳಗಿನ ಗಾಳಿ 25 ಡಿಗ್ರಿಗೆ ತಣಿದರೆ ಮೀಟರ್ 0.19 ತೋರಿಸುತ್ತದೆ. ಎಲ್ಲೂ ಸೋರಿಲ್ಲ, ಆದರೂ ಹತ್ತಿರ ಹತ್ತಿರ ಕಾಲುಭಾಗ ಹೋಯಿತು. ಆ ಸಡಿಲ ಬೋಟಿಗೆ ದೊಡ್ಡ ಎಂಜಿನ್ ಹಚ್ಚಿದರೆ ನಡುವೆ ಮಡಚಿಕೊಳ್ಳುತ್ತದೆ, ಹಿಂದಿನ ಹಲಗೆ ಒಳಕ್ಕೂ ಹೊರಕ್ಕೂ ಅಲ್ಲಾಡುತ್ತದೆ, ಅಂಟು ಬಿಡುವುದು ಅಲ್ಲಿಂದಲೇ ಶುರು. ಆದ್ದರಿಂದ ನೀರಿಗಿಳಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಅಳೆದು ತುಂಬಿ. ಅದೇ ಬೋಟನ್ನು ಮರಳಿ ದಡಕ್ಕೆಳೆದು ಬಿಸಿಲಿನಲ್ಲಿ ಬಿಟ್ಟರೆ ಕಪ್ಪು ಟ್ಯೂಬು 55 ಡಿಗ್ರಿ ಕಾದು 0.36 ದಾಟುತ್ತದೆ. ದಡಕ್ಕೆ ಬಂದ ಕೂಡಲೇ ಸ್ವಲ್ಪ ಗಾಳಿ ಬಿಡಬೇಕು, ಇಲ್ಲವೇ ಹುಣಸೆ ಮರದ ನೆರಳು ಹುಡುಕಬೇಕು.

7. ಹಿಂದಿನ ಹಲಗೆ ನಿಮ್ಮ ಜೀವ ಹಿಡಿದಿದೆ

ಎಂಜಿನ್ ಕಚ್ಚಿಕೊಳ್ಳುವುದು ಪ್ಲೈವುಡ್ ಹಲಗೆಗೆ. ಹಲಗೆ ಟ್ಯೂಬಿಗೆ ಕಚ್ಚಿಕೊಂಡಿರುವುದು ಬರೀ ಅಂಟಿನಲ್ಲಿ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರತಿ ಸಲ ನೀರಿಗಿಳಿಯುವ ಮುನ್ನ ಮೂಲೆಗಳನ್ನು ನೋಡಿ. ಅಂಟಿನ ಅಂಚಿಗೆ ಉಗುರು ಹಾಕಿದಾಗ ಏಳುತ್ತಿದೆಯೇ? ಹಲಗೆಯ ಮೇಲಂಚನ್ನು ಹಿಡಿದು ಅಲುಗಿಸಿದಾಗ ಕಿರ್ ಎನ್ನುತ್ತಿದೆಯೇ? ಎಂಜಿನ್ನಿನ ಎರಡು ತಿರುಪು ಹಿಡಿಕೆಗಳು ಅದುರಿ ಅದುರಿ ಸಡಿಲಾಗುತ್ತವೆ, ಓಡಿಸಲು ಹೊರಟ ಕಾಲು ಗಂಟೆಗೆ ಒಮ್ಮೆ ನಿಲ್ಲಿಸಿ ಬಿಗಿ ಮಾಡಿ. 20 ಎಚ್‌ಪಿ ಮೇಲಿನ ಎಂಜಿನ್ನಿಗೆ ತಿರುಪು ಸಾಲದು, ಹಲಗೆಯನ್ನು ತೂರಿ ಆಚೆ ಬರುವ ಬೋಲ್ಟು ಬೇಕು. ಬೋಲ್ಟಿಗೆ ಕೊರೆದ ತೂತಿನಲ್ಲಿ ನೀರು ಇಳಿದರೆ ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ. ತೂತಿನ ಒಳಮೈಗೆ ಎಪಾಕ್ಸಿ ಬಳಿಸಿ. ಇದೆಲ್ಲದರ ಮೇಲೆ ಒಂದು ಗಟ್ಟಿ ಹಗ್ಗವೋ ಸರಪಳಿಯೋ ಎಂಜಿನ್ನಿನಿಂದ ಬೋಟಿಗೆ ಕಟ್ಟಿರಲಿ.

ಅಂಟು ಬಿಟ್ಟಿದ್ದರೆ ಪಂಕ್ಚರ್ ಸೊಲ್ಯೂಷನ್ ಹಚ್ಚಬೇಡಿ, ಅದು ಪಿವಿಸಿಯ ಮೇಲೆ ನಿಲ್ಲುವುದಿಲ್ಲ. ಪಿವಿಸಿ ಬಟ್ಟೆಗೆ ಎರಡು ಭಾಗ ಬೆರೆಸುವ ಪಾಲಿಯುರೇಥೇನ್ ಅಂಟು, ಹೈಪಲಾನ್ ಬಟ್ಟೆಗೆ ನಿಯೋಪ್ರೀನ್ ಅಂಟು. ನಿಮ್ಮದು ಯಾವ ಬಟ್ಟೆ ಎಂದು ಗೊತ್ತಿಲ್ಲದೆ ಕೈ ಹಾಕಬೇಡಿ. ಮಳೆ ಹಿಡಿದ ದಿನ ಗಾಳಿಯಲ್ಲಿ ತೇವ ಹೆಚ್ಚು, ಅಂಟು ಕಚ್ಚುವುದಿಲ್ಲ. ಒಣಗಲು ಒಂದು ದಿನ ಪೂರ್ತಿ ಬಿಟ್ಟು ಆಮೇಲೆ ಗಾಳಿ ತುಂಬಿ. ಸಣ್ಣ ಸೋರಿಕೆ ಹುಡುಕಲು ಸೋಪುನೀರು ಹಚ್ಚಿ ಗುಳ್ಳೆ ನೋಡುವ ಹಳೆಯ ವಿದ್ಯೆಯೇ ಸಾಕು.

ರಬ್ಬರ್ ಬೋಟಿನ ಮೆತ್ತನೆ ತಳ ಒರಟು ಕೆಲಸಕ್ಕೆ ಬಾಳುವುದಿಲ್ಲ ಎಂಬುದು ವೇಲ್ಸಿನ ಅಟ್ಲಾಂಟಿಕ್ ಕಾಲೇಜಿನವರಿಗೆ 1960ರ ದಶಕದಲ್ಲೇ ಗೊತ್ತಾಗಿತ್ತು. ದಡದ ಕಲ್ಲಿಗೆ ಉಜ್ಜಿ ಉಜ್ಜಿ ತಳ ಹರಿಯುತ್ತಿದ್ದಾಗ ವಿದ್ಯಾರ್ಥಿಗಳು ಪ್ಲೈವುಡ್ಡಿನ ತಳ ಅಂಟಿಸಿ ನೋಡಿದರು. ಇಂದು ಜಗತ್ತಿನ ರಕ್ಷಣಾ ಪಡೆಗಳೆಲ್ಲ ಓಡಿಸುವ ಗಟ್ಟಿ ತಳದ ಗಾಳಿಬೋಟು ಅಲ್ಲಿಂದ ಬಂದದ್ದು. ಅದರ ಪೇಟೆಂಟನ್ನು ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆಗೆ ಒಂದೇ ಒಂದು ಪೌಂಡಿಗೆ ಮಾರಿದರು.

8. ಹೊರಗೆ ಬೀಳುವ ಸಣ್ಣ ಧಾರೆಯ ಮೇಲೆ ಕಣ್ಣಿರಲಿ

ಹೊಸೂರಿನ ಮೆಕ್ಯಾನಿಕ್ಕುಗಳಿಗೆ ಟೂ ಸ್ಟ್ರೋಕ್ ಹೇಳಿಕೊಡಬೇಕಾಗಿಲ್ಲ. ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊರಬಿದ್ದದ್ದು ಇದೇ ಊರಿನಿಂದ. ಆದರೆ ಮೊಪೆಡ್ಡನ್ನು ತಣಿಸುವುದು ಗಾಳಿ, ಔಟ್‌ಬೋರ್ಡನ್ನು ತಣಿಸುವುದು ಹೊಳೆಯ ನೀರು. ಕೆಳಗಿನ ಜಾಲರಿಯಿಂದ ರಬ್ಬರಿನ ಇಂಪೆಲ್ಲರ್ ನೀರನ್ನು ಮೇಲಕ್ಕೆಳೆದು ಬ್ಲಾಕಿನ ಸುತ್ತ ಓಡಿಸುತ್ತದೆ. ಅದರಲ್ಲಿ ಸ್ವಲ್ಪ ನೀರು ಎಂಜಿನ್ನಿನ ಪಕ್ಕದ ತೂತಿನಿಂದ ಧಾರೆಯಾಗಿ ಬೀಳುತ್ತದೆ. ಸ್ಟಾರ್ಟ್ ಆದ ಕೂಡಲೇ ಓಡಿಸುವವನ ಕಣ್ಣು ಹೋಗಬೇಕಾದದ್ದು ಅಲ್ಲಿಗೆ. ಧಾರೆ ಸಣ್ಣದಾದರೆ, ಹಬೆಯಾಡಿದರೆ, ನಿಂತರೆ, ಆ ಕ್ಷಣ ಆಫ್ ಮಾಡಿ. ತೂತಿನಲ್ಲಿ ಹೂಳು ಕೂತಿರಬಹುದು, ತೆಳು ತಂತಿ ಹಾಕಿ ಬಿಡಿಸಿ. ಹೋಗದಿದ್ದರೆ ಜಾಲರಿ ನೋಡಿ. ಅಲ್ಲೂ ಏನಿಲ್ಲದಿದ್ದರೆ ಇಂಪೆಲ್ಲರ್ ಸವೆದಿದೆ.

ಮನೆಯಂಗಳದಲ್ಲಿ "ಸುಮ್ನೆ ಒಂದು ಸಲ ಎಳ್ದು ನೋಡೋಣ" ಎನ್ನುವ ಚಪಲವೇ ಇಂಪೆಲ್ಲರಿನ ಶತ್ರು. ನೀರಿಲ್ಲದೆ ಓಡಿದರೆ ಅದು ಸುಟ್ಟು ಹಾಳಾಗಲು ನಿಮಿಷವೂ ಬೇಡ. 200 ಲೀಟರಿನ ಡ್ರಮ್ಮಿಗೆ ನೀರು ತುಂಬಿ, ಎಂಜಿನ್ ಇಳಿಸಿ, ನಿಧಾನದ ವೇಗದಲ್ಲಿ ಮಾತ್ರ ಓಡಿಸಿ.

9. ಕಳೆ, ಬಲೆ, ಪ್ಲಾಸ್ಟಿಕ್ಕು

ನಮ್ಮ ಕೆರೆ ಅಣೆಕಟ್ಟುಗಳಲ್ಲಿ ಅಂತರಗಂಗೆಯ ಹಾಸು, ಬೆಂಗಳೂರಿನ ಕಡೆಯಿಂದ ಬರುವ ಪ್ಲಾಸ್ಟಿಕ್, ಮೀನುಗಾರರ ಬಲೆ ಎಲ್ಲವೂ ಇವೆ. ಕೆಲವರಪಲ್ಲಿಯಲ್ಲಿ ಗೇಟು ತೆರೆದಾಗ ಏಳುವ ನೊರೆ ಗುಡ್ಡೆಯಾಗಿ ತೇಲುತ್ತದೆ, ಅದರಡಿ ಬಂಡೆಯಿದೆಯೋ ಮರದ ಬೊಡ್ಡೆಯಿದೆಯೋ ಕಾಣದು. ಎಂಜಿನ್ ಒಮ್ಮೆಲೇ ಕಿರುಚಿ ಬೋಟು ನಿಧಾನವಾದರೆ ರೆಕ್ಕೆಗೆ ಕಳೆ ಸುತ್ತಿದೆ, ಇಲ್ಲವೇ ಪ್ರೊಪೆಲ್ಲರಿನ ನಡುವಿನ ರಬ್ಬರ್ ಬುಷ್ ಜಾರುತ್ತಿದೆ. ಮೊದಲು ನ್ಯೂಟ್ರಲ್, ಆಮೇಲೆ ಎರಡು ಸೆಕೆಂಡು ರಿವರ್ಸ್. ಬಹುಪಾಲು ಕಳೆ ಬಿಟ್ಟುಹೋಗುತ್ತದೆ. ಬಿಡದಿದ್ದರೆ ಎಂಜಿನ್ ಆಫ್ ಮಾಡಿ, ಕಿಲ್ ಸ್ವಿಚ್ಚಿನ ಕ್ಲಿಪ್ಪು ಕಿತ್ತು ಜೇಬಿಗೆ ಹಾಕಿಕೊಂಡು, ಆಮೇಲೆ ಎಂಜಿನ್ ಮೇಲೆತ್ತಿ ಕೈ ಹಾಕಿ. ಬಲೆ ಸಿಕ್ಕಿಕೊಂಡರೆ ಕತ್ತರಿಸುವ ಮುಂಚೆ ಅದರ ಒಡೆಯನನ್ನು ಕೂಗಿ ನೋಡಿ, ಅದು ಅವನ ಅನ್ನ.

ಆಳವಿಲ್ಲದ ಕಡೆ ಎಂಜಿನ್ನಿನ ಲಾಕ್ ಬಿಡಿಸಿರಲಿ. ಬಂಡೆ ತಾಗಿದರೆ ತಾನೇ ಮೇಲಕ್ಕೆ ಹಾರುತ್ತದೆ. ಲಾಕ್ ಬಿದ್ದಿದ್ದರೆ ಏಟು ಹಲಗೆಗೆ.

10. ಪೆಟ್ರೋಲಿನ ತಕರಾರು ಬಹುತೇಕ ಕೈಯಳತೆಯದು

ಎಂಜಿನ್ ಚೆನ್ನಾಗಿ ಸ್ಟಾರ್ಟಾಗಿ, ಎರಡು ಮೂರು ನಿಮಿಷ ಓಡಿ ಸತ್ತುಹೋಯಿತೇ? ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು ತೆರೆದಿಲ್ಲ. ಇಷ್ಟು ಸಣ್ಣ ತಿರುಪಿಗೆ ಎಷ್ಟು ಮೆಕ್ಯಾನಿಕ್ಕುಗಳಿಗೆ ಎಷ್ಟು ದುಡ್ಡು ಹೋಗಿದೆಯೋ. ಪೈಪಿನ ನಡುವಿನ ರಬ್ಬರ್ ಗುಂಡನ್ನು ಗಟ್ಟಿಯಾಗುವವರೆಗೆ ಅಮುಕಿ. ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಟೂ ಸ್ಟ್ರೋಕಿಗೆ ಕೈಪಿಡಿ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ 50ಕ್ಕೆ 1ರಂತೆ, ಟಿಸಿ-ಡಬ್ಲ್ಯು3 ಗುರುತಿನ ಎಣ್ಣೆಯನ್ನೇ ಬೆರೆಸಿ. ಬೈಕಿನ 2ಟಿ ಎಣ್ಣೆ ಗಾಳಿಯಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು.

ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20 ಎಥನಾಲ್ ಬೆರೆಸಿದ ಪೆಟ್ರೋಲ್. ಹೆಚ್ಚಿನ ಔಟ್‌ಬೋರ್ಡ್ ಕಂಪನಿಗಳು ಒಪ್ಪುವುದು 10ರವರೆಗೆ. ಎಥನಾಲ್ ತೇವ ಹೀರುತ್ತದೆ, ಹೆಚ್ಚು ನೀರು ಸೇರಿದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತದೆ, ಮತ್ತು ಎಂಜಿನ್ ಎಳೆಯುವುದು ತಳದಿಂದ. ನಿಮ್ಮ ಎಂಜಿನ್ನಿನ ಕೈಪಿಡಿ ನೋಡಿ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಇಟ್ಟ ಪೆಟ್ರೋಲನ್ನು ಬೋಟಿಗೆ ಹಾಕಬೇಡಿ. ಪ್ರವಾಹಕ್ಕೆಂದು ಇಟ್ಟ ಎಂಜಿನ್ ಪ್ರವಾಹದ ದಿನವೇ ಸ್ಟಾರ್ಟಾಗದಿರಲು ಮುಖ್ಯ ಕಾರಣ ಇದೇ. ಕೆಲಸ ಮುಗಿದ ಮೇಲೆ ಪೈಪು ಕಳಚಿ, ಕಾರ್ಬೊರೇಟರಿನಲ್ಲಿರುವುದು ಬತ್ತುವ ತನಕ ನೀರಿನಲ್ಲೇ ಓಡಿಸಿಬಿಡಿ.

11. ನಿಲ್ಲಿಸುವುದೂ ಒಂದು ಕಲೆ

ಜೋರಿನಲ್ಲಿ ಹೋಗುತ್ತಿರುವಾಗ ಥ್ರಾಟಲ್ಲನ್ನು ಒಮ್ಮೆಗೇ ಬಿಟ್ಟರೆ ನೀವೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಹಲಗೆ ಹತ್ತಿ ಒಳಗೆ ಸುರಿಯುತ್ತದೆ. ಭಾರದ ಎಂಜಿನ್ನಿರುವ ಬೋಟಿನ ಹಿಂಭಾಗ ಮೊದಲೇ ಕುಗ್ಗಿರುತ್ತದೆ. ಹಂತಹಂತವಾಗಿ ಇಳಿಸಿ. ಜೋರಾಗಿ ರಿವರ್ಸ್ ಕೊಟ್ಟರೂ ಇದೇ ಗತಿ. ತಿರುವಿನಲ್ಲಿ ಟ್ಯೂಬಿನ ಮೇಲೆ ಕೂತವರು ಹೊರಗೆ ಹಾರುತ್ತಾರೆ, ಎಲ್ಲರೂ ನೆಲದ ಮೇಲೆ ಕೂರಲಿ.

12. ಹರಿಯುವ ನೀರಿನಲ್ಲಿ ಎಚ್‌ಪಿಯ ಹಮ್ಮು ಬೇಡ

2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದಾಗ ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಬಿದ್ದರು. ಅವರನ್ನು ತರಲು ಹೊರಟ ರಕ್ಷಣಾ ಸಿಬ್ಬಂದಿಯ ಬೋಟೇ ಮಗುಚಿತು. ಅವರನ್ನು ಮೇಲೆತ್ತಲು ಹೆಲಿಕಾಪ್ಟರ್ ಬರಬೇಕಾಯಿತು. ಅವರು ತರಬೇತಾದವರು, ಎಂಜಿನ್ನಿನ ಕೊರತೆಯೂ ಇರಲಿಲ್ಲ. ಬಂಡೆಗಳ ನಡುವೆ ನುಗ್ಗುವ ನೀರಿಗೆ ಯಾವ ಎಚ್‌ಪಿಯೂ ಲೆಕ್ಕವಿಲ್ಲ.

ಹಾಗಾಗಿ ಹಳ್ಳಿಯ ಸಂಘದ ಬೋಟು ನಿಂತ ನೀರಿಗೆ, ಬೀದಿಗೆ ನುಗ್ಗಿದ ಕೆರೆ ನೀರಿಗೆ ಮಾತ್ರ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಸೇತುವೆಯ ಕಂಬ, ಕೋಡಿ, ಅಣೆಕಟ್ಟಿನ ಗೇಟಿನ ಹತ್ತಿರ ಸುಳಿಯಬೇಡಿ. ಕೋಡಿಯ ಕೆಳಗೆ ಸುರುಳಿ ತಿರುಗುವ ನೀರು ಬೋಟನ್ನು ಮತ್ತೆ ಗೋಡೆಯ ಕಡೆಗೇ ಎಳೆದುಕೊಳ್ಳುತ್ತದೆ. ಯಾರನ್ನಾದರೂ ಹತ್ತಿಸಿಕೊಳ್ಳುವಾಗ ಹರಿವಿನ ಕೆಳಗಿನಿಂದ, ಮೂತಿಯನ್ನು ಹರಿವಿಗೆ ಎದುರಾಗಿಟ್ಟು ಬನ್ನಿ. ಅವರು ಬೋಟು ಮುಟ್ಟುವ ಹೊತ್ತಿಗೆ ಗೇರು ನ್ಯೂಟ್ರಲ್ಲಿನಲ್ಲಿರಲಿ. ಮೂತಿಯ ಕಡೆಯಿಂದ ಹತ್ತಿಸಿ, ಪ್ರೊಪೆಲ್ಲರ್ ಇರುವ ಕಡೆಯಿಂದಲ್ಲ. ತಲೆಯ ಮೇಲೆ ಕರೆಂಟು ತಂತಿ ಇದೆಯೇ ನೋಡಿ, ನೀರು ಏರಿದಷ್ಟೂ ತಂತಿ ಹತ್ತಿರವಾಗಿರುತ್ತದೆ.

ಎರಡು ಹುಟ್ಟು ಬೋಟಿನಲ್ಲಿ ಯಾವಾಗಲೂ ಇರಲಿ. ಹೊಗೇನಕಲ್ಲಿನ ಹರಿಗೋಲಿನವರು ಒಂದೇ ಹುಟ್ಟಿನಲ್ಲಿ ಕಾವೇರಿಯ ಸುಳಿಯೊಳಗೆ ದಾರಿ ಕಂಡುಕೊಳ್ಳುತ್ತಾರೆ. ಅವರ ಜತೆ ಒಂದು ದಿನ ಕೂತು ನೀರು ಓದುವುದನ್ನು ಕಲಿತರೆ ಯಾವ ಎಂಜಿನ್ನೂ ಕಲಿಸದ್ದು ಸಿಗುತ್ತದೆ.

13. ಜಾಕೆಟ್ಟು, ಪರವಾನಗಿ

2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಹೋದರು. ಅಂಥ ಗತಿ ಬಾರದಿರಲು ಬೋಟಿಗೆ ಹತ್ತುವ ಮುನ್ನ ಜಾಕೆಟ್ಟಿನ ಎಲ್ಲ ಪಟ್ಟಿಗಳನ್ನೂ ಬಿಗಿದುಕೊಂಡಿರಬೇಕು, ಸೀಟಿನಡಿ ಇಟ್ಟ ಜಾಕೆಟ್ ಯಾರನ್ನೂ ತೇಲಿಸದು. ಯಂತ್ರಚಾಲಿತ ದೋಣಿಗಳ ನೋಂದಣಿ, ತಪಾಸಣೆಗೆ 2021ರ ಒಳನಾಡು ಹಡಗು ಕಾಯ್ದೆ ಇದೆ. ಅಣೆಕಟ್ಟಿನ ನೀರಿಗೆ ಇಳಿಯುವ ಮುಂಚೆ ಅಲ್ಲಿನ ಅಧಿಕಾರಿಗಳ ಒಪ್ಪಿಗೆ ಕಾಗದದಲ್ಲಿರಲಿ. ಪ್ರವಾಹದ ದಿನ ಅಗ್ನಿಶಾಮಕದವರಿಗೆ ಹೇಳದೆ ಹೊರಟರೆ ಅವರಿಗೆ ಹುಡುಕಲು ಇನ್ನೊಂದು ಬೋಟು ಹೆಚ್ಚಾಗುತ್ತದೆ, ಅಷ್ಟೇ.

14. ಎಂಜಿನ್ ಮುಳುಗಿದರೆ ಗಡಿಯಾರ ಓಡುತ್ತಿದೆ ಎಂದು ತಿಳಿಯಿರಿ

ಬೋಟು ಮಗುಚಿ ಎಂಜಿನ್ ನೀರು ಕುಡಿದಿದೆ. ಜನ ದಡ ಸೇರಿದ್ದಾರೆ. ಈಗ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಆತುರ ಬೇಡ. ನೀರು ಒತ್ತಿದರೆ ಕುಗ್ಗುವುದಿಲ್ಲ, ಪಿಸ್ಟನ್ನಿನ ರಾಡೇ ಬಾಗುತ್ತದೆ. ಓಡುತ್ತಿದ್ದಾಗಲೇ ಮುಳುಗಿತ್ತಾದರೆ ಹಗ್ಗವನ್ನು ಮೆಲ್ಲಗೆ ಎಳೆದು ನೋಡಿ, ಬಿಗಿ ಇದ್ದರೆ ಅಲ್ಲಿಗೇ ಬಿಟ್ಟು ಮೆಕ್ಯಾನಿಕ್ಕನ್ನು ಕರೆಯಿರಿ. ಸಲೀಸಾಗಿ ತಿರುಗಿದರೆ ಮುಚ್ಚಳ ತೆಗೆದು ಒಳ್ಳೆಯ ನೀರಿನಿಂದ ಕೆಸರು ತೊಳೆಯಿರಿ. ಪ್ಲಗ್ಗುಗಳನ್ನು ಬಿಚ್ಚಿ, ತೂತು ಕೆಳಮುಖವಾಗುವಂತೆ ಎಂಜಿನ್ ಮಲಗಿಸಿ, ಹಗ್ಗ ಎಳೆದೆಳೆದು ಒಳಗಿನ ನೀರು ಹೊರಹಾಕಿ. ಕಾರ್ಬೊರೇಟರ್ ಬಸಿಯಿರಿ, ಟ್ಯಾಂಕಿನ ಪೆಟ್ರೋಲ್ ಬದಲಿಸಿ, ಫೋರ್ ಸ್ಟ್ರೋಕ್ ಆದರೆ ಎಂಜಿನ್ ಎಣ್ಣೆಯನ್ನೂ. ಹಾಲಿನ ಬಣ್ಣ ಬಂದಿದ್ದರೆ ಎರಡು ಸಲ ಬದಲಿಸಬೇಕು. ಪ್ಲಗ್ ತೂತಿನೊಳಕ್ಕೆ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಹಗ್ಗ ಎಳೆಯಿರಿ. ಒಣ ಪ್ಲಗ್ ಹಾಕಿ, ಡ್ರಮ್ಮಿನ ನೀರಿನಲ್ಲಿ ಸ್ಟಾರ್ಟ್ ಮಾಡಿ ಅರ್ಧ ಗಂಟೆ ನಿಧಾನಕ್ಕೆ ಓಡಿಸಿ, ಒಳಗಿನ ತೇವ ಆರಲಿ.

ಇದನ್ನು ಅದೇ ದಿನ, ಮೂರು ಗಂಟೆಯೊಳಗೆ ಆದರೆ ಇನ್ನೂ ಒಳ್ಳೆಯದು, ಮುಗಿಸಬೇಕು. ಗಾಳಿ ತಾಗಿದ ಗಳಿಗೆಯಿಂದ ಬೇರಿಂಗಿಗೆ ತುಕ್ಕು ಹಿಡಿಯಲು ಶುರು. ಆ ದಿನ ಮೆಕ್ಯಾನಿಕ್ ಸಿಗುವಂತಿಲ್ಲವಾದರೆ ಎಂಜಿನ್ನನ್ನು ಒಳ್ಳೆಯ ನೀರು ತುಂಬಿದ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಯೇ ಇಡಿ. ವಿಚಿತ್ರ ಎನಿಸಬಹುದು, ಆದರೆ ನೀರಿನೊಳಗಿದ್ದಷ್ಟು ಹೊತ್ತು ಗಾಳಿ ತಾಗುವುದಿಲ್ಲ, ಮರುದಿನ ಬಿಚ್ಚುವವರೆಗೆ ತುಕ್ಕು ನಿಧಾನವಾಗುತ್ತದೆ.